ಹೊಡೆದಾಟಕ್ಕೆ ಚಪ್ಪಾಳೆ ತಟ್ಟಿದವರು

ಜಾರ್ಜ್ ರಾಯ್ ಹಿಲ್ ನಿರ್ದೇಶಿಸಿ, ಪಾಲ್ ನ್ಯೂಮನ್ ನಟಿಸಿದ ಚಿತ್ರವೆಂದರೆ ಅಮೆರಿಕದ ಪ್ರೇಕ್ಷಕರಿಗೆ ಒಂದು ಕಾಲದಲ್ಲಿ ಹಬ್ಬದೂಟವಾಗಿದ್ದಿತು. 1969ರಲ್ಲಿ ‘ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡಾನ್ಸ್ ಕಿಡ್’, 1973ರಲ್ಲಿ ‘ದಿ ಸ್ಟಿಂಗ್’: ಕಳ್ಳರ ಕಥೆಗಳಾದರೂ ಎಂಥ ನಯ, ಎಂಥ ಲವಲವಿಕೆ! ಆದುದರಿಂದ 1977ರ ಫೆಬ್ರವರಿಯಲ್ಲಿ ಇದೇ ಜೋಡಿಯ ‘ಸ್ಲ್ಯಾಪ್ ಷಾಟ್’ ತೆರೆಗೆ ಬಂದಾಗ, ಅದೇ ಮಾದರಿಯ ಮನೋಹರ ವಿನೋದವನ್ನು ಬಯಸಿ ಚಿತ್ರಮಂದಿರಕ್ಕೆ ಹೋದವರು ಬೆಚ್ಚಿಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರಿಗೆ ಅಲ್ಲಿ ದೊರೆತುದು ಸಾಲುಗಟ್ಟಿ ಬರುವ ಬೈಗುಳ, ಮುರಿದ ಹಲ್ಲು, ಮಂಜುಗಡ್ಡೆಯ ಮೇಲೆ ಚೆಲ್ಲಿದ ನೆತ್ತರು. ಇವೆಲ್ಲವನ್ನೂ ಹಾಸ್ಯವೆಂದು ಒಪ್ಪಿಕೊಳ್ಳಬೇಕೆಂದು ನಿರ್ದೇಶಕರ ಅಪೇಕ್ಷೆ. ಹದಿನೇಳು ವರ್ಷ ತುಂಬದವರು ಹಿರಿಯರ ಜೊತೆಯಿಲ್ಲದೆ ಬರಕೂಡದೆಂಬ ದರ್ಜೆಯನ್ನು ಆ ದೇಶದಲ್ಲಿ ಚಿತ್ರಕ್ಕೆ ಕೊಟ್ಟಿದ್ದರು. ಮಕ್ಕಳನ್ನು ಕರೆದುಕೊಂಡು ಹೋದ ಹಿರಿಯರು ಎತ್ತ ನೋಡಬೇಕೆಂದು ತಿಳಿಯದೆ ಕುಳಿತಿರಬೇಕು.

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೊಡಗಿನ ಹಸಿರು ಬಯಲು. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾಗಿ, ಕೊಡವ ಮನೆತನಗಳೆಲ್ಲ ಪೈಪೋಟಿಯಿಂದ ಪಾಲ್ಗೊಳ್ಳುವ ಆ ಕೌಟುಂಬಿಕ ಹಬ್ಬ. ಇಲ್ಲಿ ಹೇಳುತ್ತಿರುವುದು ಅದರ ದೂರದ ದಾಯಾದಿಯೊಂದರ ಕಥೆ. ಇನ್ನೂರು ಅಡಿ ಉದ್ದದ ಮಂಜುಗಡ್ಡೆಯ ಕಣ, ಸುತ್ತಲೂ ಮರದ ಹಲಗೆಯ ಗೋಡೆ, ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟ್ಸ್, ಒಂದೊಂದು ಪಕ್ಷಕ್ಕೆ ಆರಾರು ಆಟಗಾರರು. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದರ ಹೆಸರು ಪಕ್. ಕೋಲನ್ನು ಹಿಂದಕ್ಕೆತ್ತಿ ರಪ್ಪೆಂದು ಬೀಸಿ ಆ ಬಿಲ್ಲೆಯನ್ನು ಹಾರಿಸುವ ಹೊಡೆತವೇ ಸ್ಲ್ಯಾಪ್ ಷಾಟ್. ಉತ್ತರ ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಇನ್ನೊಂದು ವಿಚಿತ್ರವುಂಟು. ಬೇರೆ ಆಟಗಳಲ್ಲಿ ಮುಷ್ಟಿಯುದ್ಧಕ್ಕಿಳಿದವನನ್ನು ಹೊರಗೆ ಅಟ್ಟುತ್ತಾರೆ. ಇಲ್ಲಿ ಸಾಮಾನ್ಯವಾಗಿ ಐದು ನಿಮಿಷ ಪೆಟ್ಟಿಗೆಯಂಥ ಒಂದು ಕಟಾಂಜನದೊಳಗೆ ಕುಳಿತಿದ್ದು ಮರಳಿ ಬರಬಹುದು. ಚಿತ್ರದ ಆರಂಭದಲ್ಲಿಯೇ ಫ್ರೆಂಚ್ ಭಾಷಿಕನಾದ ಗೋಲ್‌ರಕ್ಷಕನೊಬ್ಬ ದೂರದರ್ಶನದ ನಿರೂಪಕನಿಗೆ ಈ ದಂಡನೆಗಳ ಮರ್ಮವನ್ನು ಬಿಡಿಸಿ ಹೇಳುತ್ತಾನೆ. ಒಂಟಿಯಾಗಿ ಕುಳಿತು ನಾಚಿಕೊಳ್ಳಬೇಕು, ಅಷ್ಟಾದರೆ ಬಿಡುಗಡೆ ಎಂಬುದು ಅವನ ವ್ಯಾಖ್ಯಾನ. ನಮ್ಮ ಶಾಲೆಗಳಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಶಿಕ್ಷೆಯನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾದೀತು.

ಕಥೆ ನಡೆಯುವುದು ಪೆನ್ಸಿಲ್ವೇನಿಯದ ಚಾರ್ಲ್ಸ್‌ಟೌನ್ ಎಂಬ ಕಲ್ಪಿತ ಪಟ್ಟಣದಲ್ಲಿ. ಊರಿಗೆ ಅನ್ನ ಹಾಕುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಲಿದೆ; ಸಾವಿರಾರು ಮಂದಿ ನಿರುದ್ಯೋಗಿಗಳಾಗಲಿದ್ದಾರೆ. ಅವರ ಕಾಸಿನಿಂದಲೇ ಬದುಕಿದ್ದ ‘ಚೀಫ್ಸ್’ ಹಾಕಿ ತಂಡ ಸೋಲಿನ ಮೇಲೆ ಸೋಲನ್ನು ಕಾಣುತ್ತಿದೆ. ಆಟಗಾರನೂ ತರಬೇತುಗಾರನೂ ಆದ ರೆಜಿ ಡನ್‌ಲಪ್‌ಗೆ ಆಡುವ ವಯಸ್ಸು ಮೀರಿದೆ, ಹೆಂಡತಿ ದೂರವಾಗಿದ್ದಾಳೆ, ಬೇರೆ ಕೆಲಸ ತಿಳಿಯದು. ತಂಡವನ್ನು ಉಳಿಸಿಕೊಳ್ಳಲು ಅವನು ಮೊದಲು ಒಂದು ಸುಳ್ಳನ್ನು ಹುಟ್ಟಿಸುತ್ತಾನೆ: ಫ್ಲಾರಿಡಾದ ಶ್ರೀಮಂತರು ತಂಡವನ್ನು ಕೊಳ್ಳಲಿದ್ದಾರಂತೆ! ಆ ಬಳಿಕ ಮ್ಯಾನೇಜರು ಅಗ್ಗಕ್ಕೆ ತಂದ ಹ್ಯಾನ್ಸನ್ ಸೋದರರೆಂಬ ಮೂವರನ್ನು ಕಣಕ್ಕೆ ಬಿಡುತ್ತಾನೆ. ಮೂವರಿಗೂ ದಪ್ಪ ಚೌಕಟ್ಟಿನ ಕನ್ನಡಕ, ಉದ್ದ ಕೂದಲು. ಪೆಟ್ಟಿಗೆ ಬಿಚ್ಚಿದರೆ ಮಕ್ಕಳ ಆಟದ ಮೋಟಾರುಗಳು. ಆಟಕ್ಕೆ ಮುಂಚೆ ಇವರು ಕೈಬೆರಳುಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಕೊಳ್ಳುವುದನ್ನು ಕಂಡಾಗಲೇ ಮುಂದೇನು ಕಾದಿದೆಯೆಂದು ಊಹಿಸಬಹುದು. ಪಂದ್ಯ ಆರಂಭವಾಗುವುದಕ್ಕೆ ಮೊದಲೇ ಎದುರಾಳಿಗಳನ್ನು ಸದೆಬಡಿದು, ರಕ್ತಸಿಕ್ತ ಮುಖಗಳಿಂದಲೇ ರಾಷ್ಟ್ರಗೀತೆಗೆ ಭಕ್ತಿಯಿಂದ ನಿಲ್ಲುವ ಮಹನೀಯರು ಅವರು.

ನೋಡನೋಡುತ್ತಿದ್ದಂತೆ ಖಾಲಿ ಬಿದ್ದಿದ್ದ ಆಸನಗಳು ತುಂಬುತ್ತವೆ. ಚೀಫ್ಸ್ ಗೆಲ್ಲತೊಡಗುತ್ತದೆ. ಕೆಲಸ ಕಳೆದುಕೊಳ್ಳಲಿರುವ ಕಾರ್ಮಿಕನು ಆಸನದಿಂದ ಎದ್ದು ನಿಂತು ‘ಹಾಕು, ಇನ್ನೊಂದು ಹಾಕು’ ಎನ್ನುವಂತೆ ಆರ್ಭಟಿಸುತ್ತಾನೆ. ಚಿತ್ರದ ತಿರುಳಿರುವುದು ಇಲ್ಲಿಯೇ. ಪರದೆಯ ಮೇಲೆ ಕೂಗುವ ಜನರನ್ನು ನೋಡಿ ಪರದೆಯ ಮುಂದಿರುವವರು ನಗಬೇಕೋ, ನಾಚಬೇಕೋ? ಅಂದಿನಿಂದ ಇಂದಿನವರೆಗೆ ಈ ಚಿತ್ರವನ್ನು ಕುರಿತು ಹುಟ್ಟಿದ ಭಿನ್ನಾಭಿಪ್ರಾಯಗಳ ಬೇರೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಹಿಂಸೆಯನ್ನು ಹೀಗಳೆಯುವ ನೆವದಲ್ಲಿ ಹಿಂಸೆಯನ್ನೇ ಬಡಿಸಿ ಹಣ ಮಾಡುವ ಚಿತ್ರವೆಂಬ ಆಕ್ಷೇಪ ಒಂದು ಕಡೆ. ಅಮೆರಿಕದ ಕ್ರೀಡಾಮೋಹಕ್ಕೆ ಹಿಡಿದ ಕನ್ನಡಿಯೆಂಬ ಮೆಚ್ಚುಗೆ ಇನ್ನೊಂದು ಕಡೆ. ನಿಷ್ಠುರ ವಿಮರ್ಶೆಗೆ ಹೆಸರಾದ ಪಾಲಿನ್ ಕೇಲ್ ಅವರು ಚಿತ್ರವನ್ನು ಪೂರ್ಣವಾಗಿ ಒಪ್ಪದಿದ್ದರೂ ನ್ಯೂಮನ್ನರ ಅಭಿನಯವನ್ನು ಮನಸಾರೆ ಕೊಂಡಾಡಿದರು. ಷಿಕಾಗೋದ ಜೀನ್ ಸಿಸ್ಕೆಲ್ ಅವರ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಮೊದಲ ನೋಟಕ್ಕೆ ಅವರಿಗೆ ಚಿತ್ರ ಸಾಧಾರಣವೆನಿಸಿತು. ಮತ್ತೆ ಮತ್ತೆ ನೋಡಿದ ಮೇಲೆ ಅಭಿಪ್ರಾಯ ಬದಲಾಗಿ, ತಮ್ಮ ಮೊದಲ ತೀರ್ಪಿಗಾಗಿ ಅವರು ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ಇನ್ನು ಆ ಬೈಗುಳಗಳ ವಿಷಯ. ಇಷ್ಟು ಹೊಲಸು ಮಾತನ್ನು ಬರೆದವರು ಯಾರೋ ಒರಟು ಗಂಡಸಿರಬೇಕೆಂದು ಭಾವಿಸಿದವರಿಗೆ ಉತ್ತರ ಕೇಳಿ ಅಚ್ಚರಿಯಾಯಿತು. ಚಿತ್ರಕಥೆಯನ್ನು ಬರೆದವರು ನ್ಯಾನ್ಸಿ ಡೌಡ್, ಸ್ಮಿತ್ ಎಂಬ ಪ್ರತಿಷ್ಠಿತ ಮಹಿಳಾ ಕಾಲೇಜಿನಲ್ಲಿ ಓದಿದ ಹೆಣ್ಣುಮಗಳು. ಆಕೆಯ ಸೋದರ ನೆಡ್ ಡೌಡ್ ಪೆನ್ಸಿಲ್ವೇನಿಯದ ಜಾನ್ಸ್‌ಟೌನಿನಲ್ಲಿ ‘ಜೆಟ್ಸ್’ ತಂಡದ ಆಟಗಾರ. ಆಟಗಾರರು ಬಟ್ಟೆ ಬದಲಿಸುವ ಕೊಠಡಿಯಲ್ಲಿಯೂ ಬಸ್ಸಿನಲ್ಲಿಯೂ ಆಡುವ ಮಾತುಗಳನ್ನು ಆತ ಧ್ವನಿಸುರುಳಿಯಲ್ಲಿ ಹಿಡಿದು ಅಕ್ಕನಿಗೆ ಒದಗಿಸಿದ. ಆಕೆ ಅದನ್ನು ಸೋಸದೆ ಕಾಗದಕ್ಕಿಳಿಸಿದಳು. ಗಂಡಸರ ಗುಂಪು ತಾನಾಗಿಯೇ ಇರುವಾಗ ಹೇಗಿರುತ್ತದೆಂಬುದನ್ನು ಹೆಣ್ಣೊಬ್ಬಳು ಇಷ್ಟು ನಿಖರವಾಗಿ ಕೇಳಿಸಿಕೊಂಡುದೇ ಚಿತ್ರದ ದೊಡ್ಡ ಸಂಪತ್ತು. ಮುಂದೆ ‘ಕಮಿಂಗ್ ಹೋಮ್’ ಚಿತ್ರಕ್ಕಾಗಿ ಇತರರೊಡನೆ ಆಸ್ಕರ್ ಬಹುಮಾನವನ್ನೂ ಆಕೆ ಪಡೆದರು. ಆ ಪುರುಷರ ಹುಡುಗಾಟ ಎಲ್ಲಿ ಮುಗಿಯುತ್ತದೆಂದು ಚಿತ್ರದಲ್ಲಿ ಬಲ್ಲವರೂ ಹೆಂಗಸರೇ. ಪರವೂರುಗಳ ಪಂದ್ಯಗಳಿಗಾಗಿ ಅಲೆಯುವ ಗಂಡಂದಿರನ್ನು ಕಾಯುತ್ತ ಕುಳಿತ ಆಟಗಾರರ ಹೆಂಡತಿಯರ ಬೇಸರದ ದೃಶ್ಯಗಳನ್ನು ನಗುವಿನ ಗದ್ದಲದಲ್ಲಿ ಬಹುಮಂದಿ ಗಮನಿಸಲಿಲ್ಲವೆಂಬುದು ವಿಷಾದದ ಸಂಗತಿ.

ಆಟಗಾರರ ಮಾತು ಬೇರೆ. ಅವರಿಗೆ ಇದು ಉತ್ಪ್ರೇಕ್ಷೆಯಾಗಿ ಕಾಣಿಸಲೇ ಇಲ್ಲ! ಹ್ಯಾನ್ಸನ್ ಸೋದರರಾಗಿ ನಟಿಸಿದ ಜೆಫ್ ಕಾರ್ಲ್‌ಸನ್, ಸ್ಟೀವ್ ಕಾರ್ಲ್‌ಸನ್, ಡೇವ್ ಹ್ಯಾನ್ಸನ್ ಮೂವರೂ ಜೆಟ್ಸ್ ತಂಡದ ನಿಜವಾದ ಆಟಗಾರರು. ಮೂರನೆಯ ಪಾತ್ರಕ್ಕೆ ಗೊತ್ತಾಗಿದ್ದ ಜ್ಯಾಕ್ ಕಾರ್ಲ್‌ಸನ್‌ಗೆ ಆ ಹೊತ್ತಿಗೆ ಎಡ್ಮಂಟನ್ ಆಯಿಲರ್ಸ್ ತಂಡದಿಂದ ಕರೆ ಬಂದುದರಿಂದ ಡೇವ್ ಹ್ಯಾನ್ಸನ್ ಆ ಸ್ಥಾನಕ್ಕೆ ಬಂದ. ಚಿತ್ರವನ್ನು ತೆಗೆದುದೂ ಜಾನ್ಸ್‌ಟೌನಿನ ವಾರ್ ಮೆಮೋರಿಯಲ್ ಕ್ರೀಡಾಮಂದಿರದಲ್ಲಿಯೇ. ಆ ದಿನಗಳಲ್ಲಿ ಫಿಲಡೆಲ್ಫಿಯ ಫ್ಲೈಯರ್ಸ್ ತಂಡವು ತನ್ನ ಪುಂಡಾಟದಿಂದಲೇ ಹೆಸರು ಗಳಿಸಿ 1974ರಲ್ಲಿಯೂ 1975ರಲ್ಲಿಯೂ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿದ್ದಿತೆಂಬುದನ್ನು ನೆನೆದರೆ, ಡೌಡ್ ಕಲ್ಪಿಸಿದುದು ಕಡಮೆ, ಕಂಡುದೇ ಹೆಚ್ಚು ಎನ್ನಬೇಕು. ಹಾಕಿ ಆಡುವ ಊರುಗಳಲ್ಲಿ ಚಿತ್ರ ಕ್ರಮೇಣ ಬಾಯಿಪಾಠವಾಯಿತು. ದೂರದ ಪಂದ್ಯಗಳಿಗೆ ಹೋಗುವ ಬಸ್ಸುಗಳಲ್ಲಿ ಅದರ ಸಂಭಾಷಣೆಯನ್ನು ಒಬ್ಬ ಆರಂಭಿಸಿದರೆ ಇನ್ನೊಬ್ಬ ಮುಗಿಸುವುದು ರೂಢಿಯಾಯಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದವರಂತೂ ಅದನ್ನು ತಮ್ಮದನ್ನಾಗಿಯೇ ಮಾಡಿಕೊಂಡರು. ಅಲ್ಲಿಗೆ ಡಬ್ಬಿಂಗ್ ಮಾಡುವಾಗ ಪ್ಯಾರಿಸ್ಸಿನ ಶಿಷ್ಟ ಫ್ರೆಂಚನ್ನು ಕೈಬಿಟ್ಟು, ಕ್ವಿಬೆಕ್ಕಿನ ಬೀದಿಯ ಆಡುನುಡಿಯನ್ನು ಬಳಸಿದ್ದರು. ಬೈಗುಳಕ್ಕೆ ತಾಯ್ನುಡಿಯ ಸೊಗಡು ಸಿಕ್ಕಿದರೆ ಅದರ ರುಚಿಯೇ ಬೇರೆಯೆಂಬುದನ್ನು ನಮ್ಮ ಜಾತ್ರೆಯ ನಾಟಕಗಳ ಹಾಸ್ಯಗಾರರೂ ಬಲ್ಲರು.

ನಮ್ಮ ಆಲಂಕಾರಿಕರು ಹಾಸ್ಯಕ್ಕೆ ವಿಕೃತ ವೇಷ, ವಿಕೃತ ವಾಕ್ಕು ಕಾರಣವೆಂದರು. ಹ್ಯಾನ್ಸನ್ನರಲ್ಲಿ ಎರಡೂ ಧಾರಾಳವಾಗಿವೆ. ಆದರೆ ಹಾಸ್ಯ ಎಲ್ಲಿ ಬೀಭತ್ಸಕ್ಕೆ ತಿರುಗುತ್ತದೆಂಬ ಎಲ್ಲೆಯನ್ನು ಹಿಲ್ ಮಹಾಶಯರು ಬೇಕೆಂದೇ ಅಳಿಸಿದ್ದಾರೆ. ಒಂದು ದೃಶ್ಯವನ್ನು ಮಾತ್ರ ಅವರು ನಗುವಿನಿಂದ ಕಾಪಾಡಿದ್ದಾರೆ. ತಂಡದ ಒಡೆಯರಾರೆಂದು ಹುಡುಕಿಕೊಂಡು ಹೋದ ರೆಜಿಗೆ ಸಿಕ್ಕುವುದು ಅಚ್ಚುಕಟ್ಟಾದ ಮನೆಯಲ್ಲಿರುವ ಒಬ್ಬ ವಿಧವೆ. ತಂಡವನ್ನು ಮಾರಬಹುದು, ನಿಜ. ಆದರೆ ಮುಚ್ಚಿ ನಷ್ಟ ತೋರಿಸಿದರೆ ತೆರಿಗೆಯಲ್ಲಿ ಹೆಚ್ಚು ಉಳಿಯುತ್ತದೆಂದು ಆಕೆ ಶಾಂತವಾಗಿ ವಿವರಿಸುತ್ತಾಳೆ. ತನ್ನ ಮಕ್ಕಳು ಕಂಡದ್ದನ್ನು ಅನುಕರಿಸಿಯಾರೆಂದು ಅವರಿಗೆ ಹಾಕಿ ನೋಡಲು ಬಿಡುವುದಿಲ್ಲವೆಂದೂ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ಎಲ್ಲರಿಗಿಂತ ಸಭ್ಯವಾಗಿ ಮಾತನಾಡುವವಳು ಆಕೆ. ಎಲ್ಲರಿಗಿಂತ ಕ್ರೂರವಾದ ಪೆಟ್ಟೂ ಆಕೆಯದೇ. ರೆಜಿ ಅದಕ್ಕೆ ಕೊಡುವ ಉತ್ತರವಾದರೋ ಎಷ್ಟು ಅಸಹ್ಯವೆಂದರೆ, ಅವನ ಪಕ್ಷ ವಹಿಸಿದ್ದ ಪ್ರೇಕ್ಷಕನೂ ಮುಖ ತಿರುಗಿಸಬೇಕು. ಹೆಂಗಸರನ್ನೂ ಸಲಿಂಗಾನುರಾಗಿಗಳನ್ನೂ ಹೀಯಾಳಿಸುವ ಇಂಥ ಮಾತುಗಳೇ ಈಚಿನ ನೋಡುಗರಿಗೆ ರಕ್ತಪಾತಕ್ಕಿಂತ ಹೆಚ್ಚು ಕಹಿಯಾಗಿರುವುದು. ಈ ದೂರನ್ನು ತಳ್ಳಿಹಾಕುವಂತಿಲ್ಲ.

ಕೊನೆಯ ಪಂದ್ಯವನ್ನು ಕುರಿತು ಒಂದು ಮಾತು. ಇನ್ನು ಹೊಡೆದಾಟ ಸಾಕು, ಹಿಂದಿನವರಂತೆ ಮರ್ಯಾದೆಯಿಂದ ಆಡೋಣವೆಂದು ರೆಜಿ ನಿಶ್ಚಯಿಸುತ್ತಾನೆ, ತಂಡ ಸೋಲತೊಡಗುತ್ತದೆ. ದೊಡ್ಡ ತಂಡಗಳ ಪ್ರತಿನಿಧಿಗಳು ಬಂದು ನೋಡುತ್ತಿದ್ದಾರೆಂದು ಮ್ಯಾನೇಜರು ಕಿವಿಯಲ್ಲಿ ಊದಿದ್ದೇ ತಡ, ಮರ್ಯಾದೆ ಮಾಯವಾಗುತ್ತದೆ. ಆಗ, ಹೊಡೆದಾಟಕ್ಕೆ ಮೊದಲಿನಿಂದಲೂ ಒಪ್ಪದಿದ್ದ ನೆಡ್ ಬ್ರೇಡನ್ ಎಂಬ ವಿದ್ಯಾವಂತ ಆಟಗಾರ ಮಂಜಿನ ಮೇಲೆ ಜಾರುತ್ತ ಒಂದೊಂದೇ ಉಡುಪನ್ನು ಕಳಚಿ ಎಸೆಯುತ್ತಾನೆ. ಜನ ಹೊಡೆದಾಟವನ್ನು ಮರೆತು ಅತ್ತ ಕಣ್ಣರಳಿಸುತ್ತಾರೆ. ಸಿಟ್ಟಾದ ಎದುರಾಳಿ ರೆಫರಿಗೇ ಗುದ್ದಿ ಪಂದ್ಯವನ್ನು ಕಳೆದುಕೊಳ್ಳುತ್ತಾನೆ. ಆಡದೆಯೇ ಚೀಫ್ಸ್ ಗೆಲ್ಲುತ್ತದೆ. ಒಳ್ಳೆಯ ಆಟಕ್ಕೆ ಜಯವಾಗಲೆಂದು ಹಾರೈಸಿ ಕುಳಿತವರಿಗೆ ಈ ಮುಕ್ತಾಯ ಮೋಸವೆನಿಸೀತು. ಪ್ರೇಕ್ಷಕರ ಗಮನವನ್ನು ರಕ್ತದಿಂದ ಕೀಳಬೇಕಾದರೆ ಬತ್ತಲೆಯೇ ಬೇಕಾಯಿತೆಂಬ ಈ ಕುಹಕಕ್ಕೆ ನ್ಯಾಯವಾಗಿ ಬೇರೆ ಮುಕ್ತಾಯ ಹೊಂದುತ್ತಿರಲಿಲ್ಲ.

ನಗು ಅಂದಿನಷ್ಟು ಸಲೀಸಾಗಿ ಉಳಿಯಲಿಲ್ಲ. ಹೊಡೆದಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಡೆರೆಕ್ ಬೂಗಾರ್ಡ್ ಎಂಬ ಆಟಗಾರ 2011ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ನೋವಿನ ಮಾತ್ರೆಗಳೂ ಮದ್ಯವೂ ಬೆರೆತು ತೀರಿಕೊಂಡ. ತಲೆಗೆ ಪದೇಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ರೋಗದ ಗುರುತುಗಳು ಅವನ ಮಿದುಳಿನಲ್ಲಿದ್ದುದನ್ನು ಬಾಸ್ಟನ್ನಿನ ವೈದ್ಯರು ಕಂಡರು. ಅಂದಿನಿಂದ ಹ್ಯಾನ್ಸನ್ನರ ಮುಷ್ಟಿಯನ್ನು ನೋಡಿ ನಕ್ಕವರಲ್ಲಿ ಕೆಲವರಿಗಾದರೂ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಿತ್ರ ಬದಲಾಗಿಲ್ಲ, ನೋಡುವವರಿಗೆ ತಿಳಿದಿರುವುದು ಬದಲಾಗಿದೆ. ಆ ಮೂವರು ನಟರು ಮಾತ್ರ ಅದೇ ಕನ್ನಡಕ ಧರಿಸಿ ದಶಕಗಳ ಕಾಲ ಊರೂರು ತಿರುಗಿ, ಧರ್ಮಕಾರ್ಯಗಳಿಗೆ ಹಣ ಕೂಡಿಸುತ್ತ, ಹಳೆಯ ಅಭಿಮಾನಿಗಳನ್ನು ನಗಿಸುತ್ತ ಬಂದರು.

ಜಾನ್ಸ್‌ಟೌನಿನ ಜನರ ಅಭಿಪ್ರಾಯವನ್ನು ಬೇರೆಯಾಗಿ ಕೇಳಬೇಕಾದ ಅಗತ್ಯವಿಲ್ಲ. ಚಿತ್ರ ಬಿಡುಗಡೆಯಾದ ವರ್ಷವೇ ಜೆಟ್ಸ್ ತಂಡ ಮುಚ್ಚಿಹೋಯಿತು. ಅದೇ ಜುಲೈಯಲ್ಲಿ ಬಂದ ನೆರೆಯಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ 1992ರಲ್ಲಿ ಬಾಗಿಲು ಹಾಕಿತು. ಈ ನಡುವೆ, 1988ರಲ್ಲಿ, ಊರಿಗೆ ಹೊಸ ಹಾಕಿ ತಂಡವೊಂದು ಬಂದಾಗ ಅದಕ್ಕೆ ಇಟ್ಟ ಹೆಸರು ಜೆಟ್ಸ್ ಎಂದಲ್ಲ, ಚೀಫ್ಸ್ ಎಂದು. ಆ ತಂಡ ಅದೇ ವಾರ್ ಮೆಮೋರಿಯಲ್ ಮಂದಿರದಲ್ಲಿ ಇಪ್ಪತ್ತೆರಡು ವರ್ಷ ಆಡಿತು. 2010ರಲ್ಲಿ ಅದು ದಕ್ಷಿಣದ ಗ್ರೀನ್‌ವಿಲ್ಲಿಗೆ ಹೊರಟುಹೋಯಿತು. ಎರಡು ವರ್ಷಗಳ ತರುವಾಯ ಎಳೆಯ ಹುಡುಗರ ತಂಡವೊಂದು ಆ ಮಂಜಿನ ಕಣಕ್ಕಿಳಿಯಿತು.