ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಮತ್ತು ಮಠ: ಇತಿಹಾಸ ಪರಿಚಯ

ರಾಮಾಪುರ, ಮಾರ್ಟಳ್ಳಿ ಹಾಗೂ ಹನೂರು ತಾಲ್ಲೂಕಿನ ಇತರ ಭಾಗಗಳಿಂದ ಕರಾವಳಿಯ ಕ್ರೈಸ್ತ ಯಾತ್ರಾಸ್ಥಳಗಳಿಗೆ ಭೇಟಿ ನೀಡಬಯಸುವ ನಾಗರಿಕರ ತಿಳುವಳಿಕೆಗಾಗಿ, ದಕ್ಷಿಣ ಕನ್ನಡ ಜಿಲ್ಲೆಯ ಅತಿ ಹಳೆಯ ಕ್ರೈಸ್ತ ನೆಲೆಗಳಲ್ಲೊಂದಾದ ಮೊಂತೆ ಮರಿಯಾನೊ ಕುರಿತ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಸ್ಥಳ ಮತ್ತು ಹೆಸರು

ಫರಂಗಿಪೇಟೆಯು ಬಂಟ್ವಾಳ ತಾಲ್ಲೂಕಿನ ಪುದು ಗ್ರಾಮದಲ್ಲಿ, ನೇತ್ರಾವತಿ ನದಿಯ ಉತ್ತರ ದಡದಲ್ಲಿ, ಮಂಗಳೂರಿನಿಂದ ಬಿ.ಸಿ.ರೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಯೂರೋಪಿನವರನ್ನು ಜನರು 'ಫರಂಗಿ'ಗಳೆಂದು ಕರೆಯುತ್ತಿದ್ದುದರಿಂದ ಊರಿಗೆ ಈ ಹೆಸರು ಬಂದಿದೆ. 'ಮೊಂತೆ ಮರಿಯಾನೊ' ಎಂದರೆ ಮರಿಯಮ್ಮನವರ ಗುಡ್ಡ ಎಂದರ್ಥ.

ಸ್ಥಾಪನೆ

ಪೋರ್ಚುಗೀಸ್ ಗವರ್ನರ್ ಲೋಪೊ ವಾಜ್ ದ ಸಂಪಾಯೊ ಅವರ ಕಾಲದಲ್ಲಿ, 1526ರಲ್ಲಿ ಮಂಗಳೂರು ಪೋರ್ಚುಗೀಸರ ವಶವಾಯಿತು. ಅದೇ ವರ್ಷ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿಗಳು ಫರಂಗಿಪೇಟೆಯಲ್ಲಿ ಈ ನೆಲೆಯನ್ನು ಸ್ಥಾಪಿಸಿದರೆಂದು ಪರಂಪರೆಯಿಂದ ತಿಳಿದುಬರುತ್ತದೆ. ಫ್ರಾನ್ಸಿಸ್ಕನ್ನರು ಇಟಲಿಯ ಅಸ್ಸಿಸಿ ಪಟ್ಟಣದ ಸಂತ ಫ್ರಾನ್ಸಿಸರು 1209ರಲ್ಲಿ ಆರಂಭಿಸಿದ, ಬಡತನದ ವ್ರತ ಪಾಲಿಸುವ ಸಭೆಗೆ ಸೇರಿದವರು. 1526 ಎಂಬುದು ನೆಲೆಯ ಸ್ಥಾಪನೆಯ ವರ್ಷವೇ ಹೊರತು, ಇಂದು ಕಾಣುವ ಕಟ್ಟಡಗಳ ವಯಸ್ಸೆಂದು ಭಾವಿಸಬಾರದು.

ಇಕ್ಕೇರಿ ಅರಸರ ಕಾಲ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕರು ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರದೂಡಿದರು. ಆದರೆ ಕ್ರೈಸ್ತ ಪ್ರಜೆಗಳು ಉಳಿದರು. 1678ರ ಒಪ್ಪಂದದಲ್ಲಿ ಕೆಳದಿ ಅರಸರು ಕರಾವಳಿಯ ಕೆಲವು ಸ್ಥಳಗಳಲ್ಲಿ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅನುಮತಿ ನೀಡಿದರು. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಫರಂಗಿಪೇಟೆಗೆ ಅರ್ಕುಳವೆಂಬ ಹೆಸರೂ ಇತ್ತೆಂದು, ಇಕ್ಕೇರಿ ಮನೆತನದ ಅರಸರ ಆಹ್ವಾನದ ಮೇರೆಗೆ ಕೊಂಕಣದ ಕ್ರೈಸ್ತರು ಇಲ್ಲಿ ನೆಲೆಸಿದ್ದರೆಂದು ದಾಖಲಿಸಿದ್ದಾರೆ. ಹೀಗೆ ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡ ಮೇಲೂ ಈ ನೆಲೆಯು ಸ್ಥಳೀಯ ಅರಸರ ಆಶ್ರಯದಲ್ಲಿ ಮುಂದುವರಿಯಿತು.

1784ರ ಘಟನೆ

1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಕರಾವಳಿಯೂ ಮೈಸೂರು ಆಡಳಿತಕ್ಕೆ ಸೇರಿತು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ದೀರ್ಘ ಮುತ್ತಿಗೆಯ ನಂತರ 1784ರ ಜನವರಿಯಲ್ಲಿ ಕೋಟೆಯು ಟಿಪ್ಪು ಸುಲ್ತಾನನಿಗೆ ಶರಣಾಯಿತು. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಕ್ರೈಸ್ತರನ್ನು ಬಂಧಿಸಲು ಆಜ್ಞೆಯಾಯಿತು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ದಿನ, ಬಂಧನ ನಡೆಯಿತೆಂದು ಹೇಳಲಾಗುತ್ತದೆ. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ಬಗ್ಗೆ 30,000ದಿಂದ 80,000ದವರೆಗೆ ಭಿನ್ನ ಅಂದಾಜುಗಳಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮೃತಪಟ್ಟರು.

ಆಗ ಮೊಂತೆ ಮರಿಯಾನೊದಲ್ಲಿದ್ದ ಗೋವಾ ಮೂಲದ ಧರ್ಮಗುರು ಫಾದರ್ ಮಿರಾಂಡಾ ಅವರಿಗೆ ಸುಲ್ತಾನನ ಪರಿಚಯ, ಸ್ನೇಹಗಳಿದ್ದವೆಂದು ಪ್ರತೀತಿ. ಆ ಸ್ನೇಹವು ಅವರನ್ನು ಆಜ್ಞೆಯಿಂದ ಪಾರು ಮಾಡಲಿಲ್ಲ. ಅವರನ್ನೂ ಇತರ 21 ಪಾದ್ರಿಗಳನ್ನೂ ಗೋವಾಕ್ಕೆ ಗಡೀಪಾರು ಮಾಡಲಾಯಿತು. ಕರಾವಳಿಯ ಹೆಚ್ಚಿನ ಇಗರ್ಜಿಗಳು ಆ ಸಂದರ್ಭದಲ್ಲಿ ನೆಲಸಮವಾದರೂ, ಮೊಂತೆ ಮರಿಯಾನೊ ಉಳಿದುದು ಈ ಸ್ನೇಹದ ಫಲವೆಂದು ಸ್ಥಳೀಯರು ನಂಬುತ್ತಾರೆ. ಇದೇ ರೀತಿ ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಜೈನ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತೆಂದು ಹೇಳಲಾಗುತ್ತದೆ. ಕಟ್ಟಡ ಉಳಿದರೂ ಅದರಲ್ಲಿ ಪ್ರಾರ್ಥಿಸುವ ಜನರಿಲ್ಲದ ಸ್ಥಿತಿ ಉಂಟಾಯಿತೆಂಬುದು ಗಮನಾರ್ಹ.

ಮರಳಿ ಬಂದವರು

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ನಂತರ ಬದುಕುಳಿದವರು ಬಿಡುಗಡೆ ಹೊಂದಿದರು. ಸುಮಾರು 10,000 ಮಂದಿ ಕರಾವಳಿಗೆ ಮರಳಿದರೆಂದು ಅಂದಾಜು. ಘಟ್ಟದ ಮೇಲೆ ಉಳಿದ ಕ್ರೈಸ್ತರ ನಡುವೆ ಫ್ರೆಂಚ್ ಧರ್ಮಗುರು ಅಬ್ಬೆ ದುಬುವಾ ಅವರು ಶ್ರೀರಂಗಪಟ್ಟಣ ಸೀಮೆಯಲ್ಲಿ ಸೇವೆ ಸಲ್ಲಿಸಿ 1823ರಲ್ಲಿ ಸ್ವದೇಶಕ್ಕೆ ಹಿಂತಿರುಗಿದರು.

ಆದರೆ ಫ್ರಾನ್ಸಿಸ್ಕನ್ ಮಠದ ಹಿಂದಿನ ವ್ಯವಸ್ಥೆ ಮರಳಲಿಲ್ಲ. 1834–35ರಲ್ಲಿ ಪೋರ್ಚುಗಲ್ ಸರ್ಕಾರವು ತನ್ನ ಆಡಳಿತದಲ್ಲಿದ್ದ ಸನ್ಯಾಸಿ ಸಭೆಗಳನ್ನು ರದ್ದುಪಡಿಸಿದ್ದರಿಂದ ಗೋವಾದಿಂದ ಸನ್ಯಾಸಿಗಳು ಬರುವ ದಾರಿಯೂ ಮುಚ್ಚಿತು. ಇಪ್ಪತ್ತನೆಯ ಶತಮಾನದಲ್ಲಿ ಕಪುಚಿನ್ ಸಭೆಯವರು ಮೊಂತೆ ಮರಿಯಾನೊದಲ್ಲಿ ನೆಲೆಸಿದಾಗ ಅದು ಪುನಃ ಸನ್ಯಾಸಿಗಳ ಮಠವಾಯಿತು. ಕಪುಚಿನ್ನರೂ ಸಂತ ಫ್ರಾನ್ಸಿಸರ ಅನುಯಾಯಿಗಳೇ. ಅವರ ಶಾಖೆಗೆ 1528ರಲ್ಲಿ, ಅಂದರೆ ಈ ನೆಲೆ ಸ್ಥಾಪನೆಯಾದ ಎರಡು ವರ್ಷಗಳ ನಂತರ, ಪೋಪರ ಮಾನ್ಯತೆ ದೊರೆತಿತ್ತು. ಒಂದೇ ಸಂತರ ಮನೆತನ ದೀರ್ಘ ಕಾಲದ ನಂತರ ಅದೇ ಗುಡ್ಡಕ್ಕೆ ಮರಳಿದಂತಾಯಿತು.

ದಾಖಲೆಗಳ ಮಹತ್ವ

ಜನನ, ಮರಣ ನೋಂದಣಿ ವ್ಯವಸ್ಥೆ ಇಲ್ಲದ ಕಾಲದಲ್ಲಿ ಇಗರ್ಜಿಯ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ಪುಸ್ತಕಗಳೇ ಕ್ರೈಸ್ತ ಕುಟುಂಬಗಳ ಲಿಖಿತ ದಾಖಲೆಯಾಗಿದ್ದವು. ಧರ್ಮಗುರುಗಳು ಗಡೀಪಾರಾಗಿ ಊರೇ ಖಾಲಿಯಾದಾಗ ಇಂತಹ ಪುಸ್ತಕಗಳನ್ನು ಕಾಪಾಡುವವರು ಯಾರೂ ಉಳಿಯುವುದಿಲ್ಲ. ಆದುದರಿಂದ ಈ ಇತಿಹಾಸದಲ್ಲಿ ಕಟ್ಟಡದಷ್ಟೇ ಕಾಗದಕ್ಕೂ ಬೆಲೆಯಿದೆ. ಜನನ ಮರಣ ನೋಂದಣಿ ಅಧಿನಿಯಮ, 1969 ಜಾರಿಗೆ ಬರುವ ಮೊದಲು ಜನಿಸಿದ ಹಿರಿಯ ನಾಗರಿಕರು ತಮ್ಮ ಇಗರ್ಜಿಯಿಂದ ಜ್ಞಾನಸ್ನಾನ ಪುಸ್ತಕದ ದೃಢೀಕೃತ ನಕಲನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ. ಇದು ಪೂರಕ ದಾಖಲೆ ಮಾತ್ರವಾಗಿದ್ದು, ಜನನ ಪ್ರಮಾಣಪತ್ರಕ್ಕೆ ಬದಲಿಯಲ್ಲವೆಂಬುದನ್ನು ಗಮನಿಸುವುದು.

ದಕ್ಷಿಣ ಕನ್ನಡ ಜಿಲ್ಲೆಯೂ ಅಂದಿನ ಕೊಳ್ಳೇಗಾಲ ತಾಲ್ಲೂಕೂ 1799ರಿಂದ 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದವು. ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹಳೆಯ ದಾಖಲೆಗಳನ್ನು ಹುಡುಕುವವರು ಈ ಅಂಶವನ್ನು ಗಮನದಲ್ಲಿರಿಸಿಕೊಳ್ಳುವುದು.

ಯಾತ್ರಾರ್ಥಿಗಳ ಗಮನಕ್ಕೆ

ಹನೂರು, ಕೊಳ್ಳೇಗಾಲ ಕಡೆಯಿಂದ ಹೊರಡುವವರು ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ಮತ್ತು ಬಿ.ಸಿ.ರೋಡ್ ಮಾರ್ಗವಾಗಿ ಫರಂಗಿಪೇಟೆಯನ್ನು ತಲುಪಬಹುದು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಸ್ಥಿತಿಯನ್ನು ಮುಂಚಿತವಾಗಿ ವಿಚಾರಿಸಿ ಹೊರಡತಕ್ಕದ್ದು. ಸಂತ ಫ್ರಾನ್ಸಿಸರ ಹಬ್ಬವು ಪ್ರತಿ ವರ್ಷ ಅಕ್ಟೋಬರ್ 4ರಂದು ಬರುತ್ತದೆ. ಇದು ಸನ್ಯಾಸಿಗಳು ವಾಸಿಸುವ ಮಠವಾದುದರಿಂದ ಸಂದರ್ಶಕರು ಮೌನ ಪಾಲಿಸಿ, ಒಳಭಾಗಗಳನ್ನು ಪ್ರವೇಶಿಸುವ ಮೊದಲು ಅನುಮತಿ ಪಡೆಯಬೇಕೆಂದು ಕೋರಲಾಗಿದೆ.