ಎಸರು ಕುದ್ದರೆ ರೊಟ್ಟಿ ಮೆತ್ತಗೆ

ಗೋದಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಚಪಾತಿ ಆಗುತ್ತದೆ. ಜೋಳದ ಹಿಟ್ಟನ್ನು ಅದೇ ತಣ್ಣೀರಿನಲ್ಲಿ ನಾದಿ ಬಡಿಯಲು ಹೋದರೆ ಅಂಚು ಸೀಳುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ, ಹೇಗೋ ಬೇಯಿಸಿದರೂ ಆರುವ ಹೊತ್ತಿಗೆ ಬಿರುಸಾಗುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಅಡುಗೆಮನೆಗಳಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಹಿರಣ್ಯಕೇಶಿ ದಂಡೆಯ ಸಂಕೇಶ್ವರದಲ್ಲಿ ರೊಟ್ಟಿ ಕಲಿಯಲು ಕೂತವಳಿಗೆ ಹಿರಿಯರು ಬಡಿಯುವುದನ್ನು ಹೇಳಿಕೊಡುವ ಮೊದಲೇ ನೀರಿನ ಮಾತು ಎತ್ತುತ್ತಾರೆ: “ಎಸರು ಚಲೋ ಕುದೀಲಿ ತಂಗಿ, ಅವಸರ ಮಾಡಬ್ಯಾಡ.” ಮೆತ್ತನ್ನ ರೊಟ್ಟಿಯ ವಿಜ್ಞಾನದ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲೇ ಇದೆ.

ಗೋದಿಯಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ತಾಗಿ, ಕೈಯ ಒತ್ತಡ ಬಿದ್ದಾಗ ಅವು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಲಟ್ಟಣಿಗೆಯಿಂದ ಎಳೆದರೂ ಹರಿಯದೆ ಹಿಗ್ಗುವ ಗುಣ ಚಪಾತಿಗೆ ಬರುವುದು ಅದರಿಂದ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದಕ್ಕೆ ನೀರಿನ ಜೊತೆ ಒಗ್ಗುವುದಿಲ್ಲ; ಮೇಲಾಗಿ ಅದು ಕಾಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ಬಿಗಿಯಾಗಿ ಕೂತಿರುತ್ತದೆ. ಎಷ್ಟು ನಾದಿದರೂ ಅದು ಬಿಚ್ಚಿಕೊಂಡು ಜಾಲವಾಗದು. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಜೋಳ ಒಗ್ಗುವುದು ಅದರಲ್ಲಿ ಗೋದಿಯ ಈ ಪ್ರೋಟೀನುಗಳು ಇಲ್ಲದ್ದರಿಂದ. ಆದರೆ ಗಿರಣಿಯಲ್ಲಿ ಗೋದಿ ಬೀಸಿದ ಬೆನ್ನಿಗೇ ಜೋಳ ಬೀಸಿಸಿದರೆ ಆ ಭರವಸೆ ಉಳಿಯುವುದಿಲ್ಲ.

ಪ್ರೋಟೀನು ಕೈಕೊಟ್ಟ ಮೇಲೆ ಉಳಿಯುವುದು ಪಿಷ್ಟ. ಜೋಳದ ಕಾಳಿನ ತೂಕದಲ್ಲಿ ಸುಮಾರು ಶೇ. 70ರಷ್ಟು ಪಿಷ್ಟವೇ. ಅದರ ಕಣಗಳು ತಣ್ಣೀರಿನಲ್ಲಿ ಮರಳಿನ ಹಾಗೆ ಬಿದ್ದಿರುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅವು ನೀರು ಹೀರಿ ಉಬ್ಬುತ್ತವೆ, ಒಳಗಿನ ಅಮೈಲೋಸ್ ಎಂಬ ಉದ್ದನೆಯ ಅಣುಗಳು ಹೊರಗೆ ಸೋರುತ್ತವೆ, ಇಡೀ ಮಿಶ್ರಣ ಅಂಟಾಗುತ್ತದೆ. ಹಿಟ್ಟಿಗೆ ‘ಜಿಗಿ’ ಬಂತು ಅನ್ನುವುದು ಆಗ. ಹೀಗೆ ಬೆಂದ ಪಿಷ್ಟ, ಬೇಯದೆ ಉಳಿದ ಹಿಟ್ಟಿನ ಕಣಗಳನ್ನು ಹಿಡಿದಿಡುತ್ತದೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. 28 ಡಿಗ್ರಿಯ 100 ಗ್ರಾಂ ಹಿಟ್ಟಿಗೆ ಕುದಿಯುವ 100 ಮಿಲಿಲೀಟರ್ ನೀರು ಬೆರೆಸಿದರೆ, ಹಿಟ್ಟು ಮತ್ತು ನೀರಿನ ಶಾಖ ಹಿಡಿಯುವ ಶಕ್ತಿಯ ಪ್ರಕಾರ ಮಿಶ್ರಣದ ಬಿಸಿ 80 ಡಿಗ್ರಿಗೆ ತುಸು ಕೆಳಗೆ ನಿಲ್ಲುತ್ತದೆ. ಪಿಷ್ಟ ಬೇಯಲು ಅಷ್ಟು ಸಾಕು. ಅದೇ ನೀರು ಕುದಿಯದೆ 80 ಡಿಗ್ರಿಯಲ್ಲಿದ್ದರೆ ಮಿಶ್ರಣ 65ರ ಹತ್ತಿರವೇ ನಿಲ್ಲುತ್ತದೆ, ಪಿಷ್ಟದ ಬಹುಭಾಗ ಬೇಯುವುದಿಲ್ಲ. ಪರಾತ ಹೀರಿಕೊಳ್ಳುವ ಬಿಸಿಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಎರಡೂ ನೀರು ಕೈಗೆ ‘ಸುಡುವ ನೀರೇ’. ಒಂದರಲ್ಲಿ ರೊಟ್ಟಿ ಆಗುತ್ತದೆ, ಇನ್ನೊಂದರಲ್ಲಿ ಸೀಳುತ್ತದೆ. ನೀರು ಕಾದರೆ ಸಾಲದು, ಕುದಿಯಲೇಬೇಕು ಎನ್ನುವ ಹಟದಲ್ಲಿ ಹಿರಿಯರು ಪೂರ್ತಿ ಸರಿ.

ಹಾಗೆಂದು ಹಿಟ್ಟನ್ನೆಲ್ಲ ಬೇಯಿಸಿಬಿಟ್ಟರೆ ಅದು ಅಂಬಲಿಯ ದಾರಿ ಹಿಡಿದು ಕೈಗೂ ಪರಾತಕ್ಕೂ ಮೆತ್ತುತ್ತದೆ. ಅದಕ್ಕೇ ಹಿಟ್ಟಿನ ಗುಡ್ಡೆಯ ನಡುವೆ ಗುಣಿ ಮಾಡಿ ಎಸರು ಹೊಯ್ಯುವ ಪದ್ಧತಿ. ನಡುವಿನ ಹಿಟ್ಟಿಗೆ ಪೂರ್ತಿ ಬಿಸಿ ಸಿಗುತ್ತದೆ, ಸುತ್ತಲಿನದು ಹಸಿಯಾಗಿಯೇ ಉಳಿಯುತ್ತದೆ. ಚಮಚೆಯಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಒಂದೊಂದೇ ರೊಟ್ಟಿಗೆ ಬೇಕಾದಷ್ಟು ಹಿಟ್ಟು ಎಳೆದುಕೊಂಡು, ನೀರು ಮುಟ್ಟಿಸುತ್ತಾ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಬೆಂದ ಪಿಷ್ಟ ಹಸಿ ಕಣಗಳ ಸುತ್ತ ಸಮನಾಗಿ ಹರಡುವುದು ಈ ತಿಕ್ಕಾಟದಲ್ಲಿ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಿ ಇಟ್ಟರೆ ಕೊನೆಯ ಉಂಡೆಗಳು ಆರಿ ಒಣಗಿ ಬಿರಿಯುತ್ತವೆ. ಚಪಾತಿ ಹಿಟ್ಟಿಗೆ ನೆನೆಯುವ ಹೊತ್ತು ಬೇಕು, ಜೋಳದ ಹಿಟ್ಟಿಗೆ ಕಾಯುವುದೇ ಕೇಡು.

ಲಟ್ಟಿಸದೆ ಬಡಿಯುವುದಕ್ಕೂ ಅರ್ಥವಿದೆ. ಲಟ್ಟಣಿಗೆ ಹಿಟ್ಟನ್ನು ಒಂದು ಕಡೆಗೆ ಎಳೆಯುತ್ತದೆ. ಹಿಗ್ಗುವ ಜಾಲವಿಲ್ಲದ ಹಿಟ್ಟು ಆ ಎಳೆತಕ್ಕೆ ಸೀಳುತ್ತದೆ. ಅಂಗೈ ಮೇಲಿನಿಂದ ಒತ್ತಿ ತಿರುಗಿಸುತ್ತಾ ಸುತ್ತಲೂ ಹರಡಿಸುತ್ತದೆ. ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಹಚ್ಚುವುದನ್ನು ನಾನು ಇಡೀ ಕೆಲಸದ ಅತ್ಯಂತ ಜಾಣ ಹೆಜ್ಜೆ ಎನ್ನುತ್ತೇನೆ. ಒಣ ಹಿಟ್ಟು ತೊಳೆದುಹೋಗುತ್ತದೆ. ಮೇಲಿನ ಪಿಷ್ಟಕ್ಕೆ ಬೇಯಲು ನೀರು ಸಿಕ್ಕಿ, ಮಗುಚಿದಾಗ ಅದು ತೆಳ್ಳನೆಯ, ಸೀಳಿಲ್ಲದ ಪೊರೆಯಾಗುತ್ತದೆ. ಒಳಗಿನ ನೀರು ಆವಿಯಾದಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಪೊರೆ ಅದನ್ನು ಹಿಡಿದಿಟ್ಟರೆ ರೊಟ್ಟಿ ಉಬ್ಬುತ್ತದೆ, ಒಳಭಾಗ ಆ ಆವಿಯಲ್ಲೇ ಬೇಯುತ್ತದೆ. ಮಗುಚಲು ತಡಮಾಡಿ ಮೇಲ್ಮೈ ಒಣಗಿ ಬಿರಿದರೆ ಆವಿ ಸೋರಿಹೋಗುತ್ತದೆ.

ಕಾಳೂ ಮುಖ್ಯ. ಹಿಂಗಾರಿ ಬಿಳಿ ಜೋಳದಲ್ಲಿ ಮಾಲದಂಡಿಯ ಹೆಸರು ದೊಡ್ಡದು. ಆ ನಾಟಿ ತಳಿಯಿಂದ 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಎಂ 35-1, ಇಂದಿಗೂ ರೊಟ್ಟಿಯ ಗುಣ ಅಳೆಯುವ ಮಾನದಂಡ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.-1 ಬಂತು, ಇಳುವರಿ ಏರಿತು. ಆದರೆ ಮುಂಗಾರಿನ ಹೈಬ್ರಿಡ್ ತೆನೆಗಳು ಮಳೆಗೆ ಸಿಕ್ಕಿ ಕಾಳಿಗೆ ಬೂಸ್ಟು ಹಿಡಿಯುತ್ತಿತ್ತು, ರೊಟ್ಟಿ ಬಣ್ಣಗೆಡುತ್ತಿತ್ತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1981ರಲ್ಲಿ ಜೋಳದ ಕಾಳಿನ ಗುಣಮಟ್ಟದ ಬಗ್ಗೆಯೇ ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಸಿತು. ತಿನ್ನುವವರು ಒಪ್ಪದ ತಳಿ ಹೊಲದಲ್ಲಿ ಉಳಿಯದು ಎಂಬುದು ಆ ಹೊತ್ತಿಗೆ ತಳಿ ವಿಜ್ಞಾನಿಗಳಿಗೂ ಮನವರಿಕೆಯಾಗಿತ್ತು. ಸಂಕೇಶ್ವರದ ಸುತ್ತ ಈಗ ಕಬ್ಬಿನದೇ ರಾಜ್ಯ. ಜೋಳ ಪೇಟೆಯಿಂದ ಬರುವ ಮನೆಗಳಲ್ಲಿ ಕಾಳು ಕೊಂಡು, ಎಂಟು-ಹತ್ತು ದಿನಕ್ಕೆ ಬೇಕಾದಷ್ಟೇ ನುಣ್ಣಗೆ ಬೀಸಿಸುವುದು ಒಳ್ಳೆಯದು. ಮೊಳಕೆಯ ಭಾಗದ ಎಣ್ಣೆಯೂ ಹಿಟ್ಟಿನೊಳಗೇ ಸೇರಿರುವುದರಿಂದ ಹಳೆಯ ಹಿಟ್ಟು ಕಮಟುತ್ತದೆ.

ಮಾಡಿದ ರೊಟ್ಟಿ ಗಟ್ಟಿಯಾಗುವುದು ಬರೀ ಒಣಗುವುದರಿಂದ ಎಂದುಕೊಂಡವರು ಬಹಳ. ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ಅದು ಬಿರುಸಾಗುತ್ತದೆ. ಬೆಂದಾಗ ಚದುರಿದ ಪಿಷ್ಟದ ಅಣುಗಳು ಆರುತ್ತಾ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ: ಅಮೈಲೋಸ್ ಕೆಲವೇ ತಾಸುಗಳಲ್ಲಿ, ಕವಲು ಕವಲಾದ ಅಮೈಲೋಪೆಕ್ಟಿನ್ ದಿನಗಟ್ಟಲೆ ನಿಧಾನವಾಗಿ. ಈ ಜೋಡಣೆ ಅತ್ಯಂತ ಬೇಗ ನಡೆಯುವುದು ಸುಮಾರು 4 ಡಿಗ್ರಿಯಲ್ಲಿ, ಅಂದರೆ ಸರಿಯಾಗಿ ಫ್ರಿಜ್ಜಿನ ಒಳಗೆ. ಆದ್ದರಿಂದ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ ರೊಟ್ಟಿಯೇ ಫ್ರಿಜ್ಜಿನ ರೊಟ್ಟಿಗಿಂತ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಖಡಕ್ ರೊಟ್ಟಿಯ ದಾರಿ ಬೇರೆ. ತೆಳ್ಳಗೆ ಬಡಿದು, ನೀರಿನಂಶ ಹೋಗುವ ತನಕ ಸುಟ್ಟು ಒಣಗಿಸಿದ ಅದರಲ್ಲಿ ಬೂಸ್ಟಿಗೆ ಬದುಕಲು ನೀರಿಲ್ಲ, ತಿಂಗಳುಗಟ್ಟಲೆ ಇರುತ್ತದೆ.

ತಂಗಳ ರೊಟ್ಟಿಗೆ ನೀರು ಚಿಮುಕಿಸಿ ಹಂಚಿನ ಮೇಲಿಟ್ಟರೆ 60 ಡಿಗ್ರಿ ದಾಟುತ್ತಲೇ ಅಮೈಲೋಪೆಕ್ಟಿನ್ ಜೋಡಣೆ ಸಡಿಲಗೊಂಡು ರೊಟ್ಟಿ ಒಂದಿಷ್ಟು ಮೆದುವಾಗುತ್ತದೆ. ಅಮೈಲೋಸ್ ಮಾತ್ರ 100 ಡಿಗ್ರಿಗೂ ಜಗ್ಗುವುದಿಲ್ಲ. ಹಾಗಾಗಿ ಮತ್ತೆ ಬಿಸಿ ಮಾಡಿದ ರೊಟ್ಟಿ ಹಂಚಿನಿಂದ ಈಗಷ್ಟೇ ಇಳಿದದ್ದರಷ್ಟು ಮೆತ್ತಗೆ ಎಂದೂ ಆಗದು. ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಸಂಕೇಶ್ವರದ ಕೆಂಪು ಮೆಣಸಿನಕಾಯಿಯ ಖಾರ ಹಚ್ಚಿಕೊಂಡು ಉಂಡರೆ ರುಚಿ.