ತಿಳಿದವನು ತಿಳಿಸಬಲ್ಲನೆ?

ಬೆಳಕಿಗೆ ಬೆಳಕು ಕೂಡಿದಾಗ ಕತ್ತಲೆಯೂ ಉಂಟಾಗಬಹುದು! ಬೆಳಕು ಅಲೆಯಾದರೆ, ಒಂದರ ಉಬ್ಬು ಮತ್ತೊಂದರ ತಗ್ಗನ್ನು ಸಂಧಿಸಿದೆಡೆ ಎರಡೂ ಅಳಿಯಬೇಕಷ್ಟೆ. ಈ ವ್ಯತಿಕರಣ ತತ್ತ್ವವನ್ನು ಸ್ಪಷ್ಟವಾಗಿ ಕಂಡವನು ಥಾಮಸ್ ಯಂಗ್.

1801ರಲ್ಲಿ ಅವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕನಾದನು. ಆದರೆ ಅವನ ಉಪನ್ಯಾಸಗಳು ಅತಿ ಸಂಕ್ಷಿಪ್ತ. ಸಭಿಕರು ಅವನ್ನು ಹಿಂಬಾಲಿಸಲಾರದೆ ಹೋದರು. 1803ರಲ್ಲಿ ಅವನು ಹುದ್ದೆಯನ್ನು ಬಿಟ್ಟನು. ನ್ಯೂಟನ್ನನ ಕಣವಾದದ ಪ್ರಭಾವದೊಡನೆ ಈ ಕ್ಲಿಷ್ಟತೆಯೂ ಸೇರಿ, ಫ್ರಾನ್ಸಿನ ಫ್ರೆನೆಲ್ ಗಣಿತದಿಂದ ಸಮರ್ಥಿಸುವವರೆಗೆ, ಹತ್ತು ವರ್ಷಕ್ಕೂ ಮಿಕ್ಕು ಅಲೆಯ ವಾದವು ಮೂಲೆಗುಂಪಾಗಿದ್ದಿತು.

ಅದೇ ಸಂಸ್ಥೆಯಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಜನ ಕಿಕ್ಕಿರಿಯುತ್ತಿದ್ದರು. 1812ರಲ್ಲಿ ಅವುಗಳಲ್ಲಿ ನಾಲ್ಕನ್ನು ಕೇಳಿದ ತರುಣನೊಬ್ಬನು, ಪುಸ್ತಕಗಳಿಗೆ ರಟ್ಟು ಕಟ್ಟುವವನು, ಕೇಳಿದುದನ್ನೆಲ್ಲ ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ಅವನಿಗೆ ಅಲ್ಲಿ ಸಹಾಯಕನ ಕೆಲಸ ದೊರೆಯಿತು. ಅವನೇ ಮೈಕೇಲ್ ಫ್ಯಾರಡೆ! ಡೇವಿಯ ಮಾತು ತಿಳಿಯಾಗಿದ್ದಿತು. ಫ್ಯಾರಡೆಯ ಬರಹವೂ ತಿಳಿಯಾಗಿದ್ದಿತು. ವಿಜ್ಞಾನಕ್ಕೆ ಒಬ್ಬ ಮಹಾಪುರುಷನು ದೊರೆತನು.

ವಿದ್ಯಾರ್ಥಿಗಳೇ, ಮುಂದೆ ಉಪಾಧ್ಯಾಯರಾಗಲಿರುವವರೇ, ಇಂದು ಕಲಿತ ನಿಯಮವೊಂದನ್ನು ಸೂತ್ರದ ನೆರವಿಲ್ಲದೆ ಮನೆಯ ತಮ್ಮನಿಗೋ ತಂಗಿಗೋ ಹೇಳಿ ನೋಡಿರಿ. ಮಾತು ಎಲ್ಲಿ ತಡವರಿಸುವುದೋ, ನಮ್ಮ ತಿಳಿವು ತಡವರಿಸುವುದೂ ಬಹುಮಟ್ಟಿಗೆ ಅಲ್ಲಿಯೇ.